ಎದೆಯುರಿಯ ಜಾಡು ಹಿಡಿದು

ಹನಕೆರೆಯ ನಮ್ಮ ಹಳೆಯ ತೊಟ್ಟಿಮನೆಯಲ್ಲಿ ನಾಲ್ಕು ಮರದ ಕಂಬಗಳಿದ್ದವು. ಅವುಗಳಲ್ಲಿ ಅಡಿಗೆಮನೆಯ ಬಾಗಿಲಿಗೆ ಹತ್ತಿರವಿದ್ದ ಕಂಬ ಅವ್ವನದು. ರಾತ್ರಿ ಉಂಡ ಮೇಲೆ ನಾವೆಲ್ಲ ಚಾಪೆ ಹಾಸಿ ಉರುಳಿಕೊಂಡರೆ, ಅವ್ವ ಮಾತ್ರ ಗೋಣಿಚೀಲವೊಂದನ್ನು ಮಡಿಸಿ ಕಂಬಕ್ಕೆ ಒತ್ತುಕೊಟ್ಟು, ಅದಕ್ಕೊರಗಿ, ಕಾಲು ನೀಡಿ ಕುಳಿತೇ ನಿದ್ದೆ ಮಾಡುತ್ತಿದ್ದಳು. "ಯಾಕವ್ವ, ಮಲಗಬಾರದೇ?" ಎಂದು ಕೇಳಿದರೆ, "ಮನಿಕಂಡ್ರೆ ಎದೆ ಉರೀತದೆ ಕಣ್ ಮಗ, ಹುಳಿನೀರು ಗಂಟ್ಲಿಗೆ ಬತ್ತದೆ" ಎನ್ನುತ್ತಿದ್ದಳು. ಉರಿ ಹೆಚ್ಚಾದ ದಿನ ಒಂದು ಚಿಟಿಕೆ ಅಡಿಗೆ ಸೋಡಾವನ್ನು ನೀರಿಗೆ ಹಾಕಿ ಕುಡಿದು, ದೊಡ್ಡದಾಗಿ ತೇಗಿ, ಸ್ವಲ್ಪ ಹೊತ್ತು ಸಮಾಧಾನ ಪಡುತ್ತಿದ್ದಳು. ಮನೆಯವರು ಅದನ್ನು ವಾಯು ಎಂದರು, ನೆರೆಯವರು ಪಿತ್ತ ಎಂದರು, ನಾವು ಮಕ್ಕಳು ಅವ್ವನ ಅಭ್ಯಾಸವೆಂದುಕೊಂಡೆವು. ಅವಳು ಬೇರೊಂದು ಕಾಯಿಲೆಯಿಂದ ತೀರಿಕೊಂಡಾಗ ನನಗೆ ಮೂವತ್ತು ದಾಟಿತ್ತು. ಆ ಎದೆಯುರಿಗೆ ಒಂದು ಹೆಸರು ಮಾತ್ರ ಕೊನೆಯವರೆಗೂ ಸಿಗಲಿಲ್ಲ.

ಈ ಮಾತು ಈಗ ನೆನಪಿಗೆ ಬರಲು ಕಾರಣವಿದೆ. ಅವ್ವನಿಗೆ ಸಿಗದ ಹೆಸರು ನನಗೆ 2019ರಲ್ಲಿ, ನಿವೃತ್ತನಾಗಿ ಹಲವು ವರ್ಷಗಳಾದ ಮೇಲೆ ಸಿಕ್ಕಿತು. ಅದು ಸಿಕ್ಕ ಬಗೆಯನ್ನೂ, ಆ ಹೆಸರಿನ ಹಿಂದಿರುವ ಎರಡು ನೂರು ವರ್ಷಗಳ ಚರಿತ್ರೆಯನ್ನೂ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸಬೇಕೆನಿಸಿತು. ವಿಜ್ಞಾನದ ಮೇಷ್ಟರಾಗಿದ್ದವನು ತನ್ನ ಹೊಟ್ಟೆಯೊಳಗಿನ ಪಾಠವನ್ನು ಇಷ್ಟು ತಡವಾಗಿ ಕಲಿತದ್ದು ನಗೆಯ ವಿಷಯವೇ ಸರಿ. ನೀವು ನಗಬಹುದು.

ನನ್ನ ತರಗತಿಯಲ್ಲಿ ಕುಳಿತವರಿಗೆ ನನ್ನ ಕೆಮ್ಮು ನೆನಪಿರುತ್ತದೆ. ಪಾಠದ ನಡುವೆ ಗಂಟಲು ಸರಿಪಡಿಸಿಕೊಳ್ಳುವ ನನ್ನ ರೀತಿಯನ್ನು ನೀವು ಬೆನ್ನ ಹಿಂದೆ ಅನುಕರಿಸುತ್ತಿದ್ದುದೂ ನನಗೆ ಗೊತ್ತು. ಸೀಮೆಸುಣ್ಣದ ಪುಡಿಯಿಂದ ಬಂದ ಕೆಮ್ಮು ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ನಿವೃತ್ತಿಯಾಗಿ ಸೀಮೆಸುಣ್ಣ ಮುಟ್ಟುವುದನ್ನು ಬಿಟ್ಟ ಮೇಲೂ ಕೆಮ್ಮು ನಿಲ್ಲದಿದ್ದಾಗ ಅನುಮಾನ ಬರಬೇಕಾಗಿತ್ತು, ಬರಲಿಲ್ಲ. ನಿವೃತ್ತಿಯ ನಂತರ ಊರಿನ ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತದ ವಾಚನ ಮಾಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಎರಡು ವರ್ಷ ಮಾಡಿದೆ. ಮೂರನೆಯ ವರ್ಷ ಉದ್ಯೋಗಪರ್ವದ ನಡುವೆ ಧ್ವನಿ ಒಡೆದು, ಕೆಮ್ಮು ಹತ್ತಿ, ಪುಸ್ತಕ ಮುಚ್ಚಿ ಎದ್ದು ಬಂದೆ. ಅಂದಿನಿಂದ ಆರು ವರ್ಷ ಆ ಪುಸ್ತಕವನ್ನು ತೆರೆಯಲಿಲ್ಲ.

ಎದೆಯುರಿಯೂ ಇತ್ತು. ಆದರೆ ನಮ್ಮ ಸೀಮೆಯಲ್ಲಿ ಎದೆಯುರಿಯನ್ನು ಕಾಯಿಲೆಯೆಂದು ಲೆಕ್ಕಕ್ಕೆ ಹಿಡಿಯುವವರು ಯಾರು? ಖಾರವಾದ ಉಪ್ಸಾರು, ಮುದ್ದೆ, ಮೇಲೆ ಮದ್ದೂರು ವಡೆ. ಉರಿದರೆ "ಗ್ಯಾಸ್ಟ್ರಿಕ್ ಕಣ್ ಬುಡಿ ಮೇಷ್ಟ್ರೇ" ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಹೊಟ್ಟೆಯುಬ್ಬರ, ಹುಳಿತೇಗು, ಬೆನ್ನುನೋವು, ಎದೆನೋವು, ತಲೆಸುತ್ತು ಎಲ್ಲಕ್ಕೂ ನಾವು ಇಟ್ಟುಕೊಂಡಿರುವ ಹೆಸರು ಗ್ಯಾಸ್ಟ್ರಿಕ್. ಇಂಗ್ಲಿಷಿನಲ್ಲಿ ಅದು ಜಠರಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ಒಂದು ವಿಶೇಷಣ ಮಾತ್ರ, ಕಾಯಿಲೆಯ ಹೆಸರಲ್ಲ. ಒಂದು ಚಿಕಿತ್ಸಾಲಯದಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ಬರೆದುಕೊಟ್ಟ ಮಾತ್ರೆಯನ್ನು ನಾನು ಹಲವು ವರ್ಷ ನುಂಗಿದೆ, ಅದೂ ಊಟವಾದ ಮೇಲೆ. ಆ ಬಗೆಯ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇರಲಿ, ಚರಿತ್ರೆಗೆ ಬರೋಣ. ಎದೆಯುರಿ ಹೊಸ ಕಾಯಿಲೆಯಲ್ಲ. ಆಯುರ್ವೇದದ ಮಾಧವ ನಿದಾನದಲ್ಲಿ ಅಮ್ಲಪಿತ್ತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಹುಳಿತೇಗು, ಎದೆ ಮತ್ತು ಗಂಟಲಿನ ಉರಿ ಅಲ್ಲಿ ಹೇಳಿರುವ ಲಕ್ಷಣಗಳು. ಮೇಲ್ಮುಖವಾದದ್ದು, ಕೆಳಮುಖವಾದದ್ದು ಎಂದು ಎರಡು ಬಗೆಯನ್ನೂ ಗುರುತಿಸಲಾಗಿದೆ. ಹುಳಿಯೆಂಬುದು ನಾಲಿಗೆಗೆ ತಿಳಿದಿತ್ತು. ಆದರೆ ಆ ಹುಳಿ ಯಾವ ವಸ್ತು ಎಂಬುದು ತಿಳಿದದ್ದು 1824ರಲ್ಲಿ. ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ಪ್ರಾಣಿಗಳ ಜಠರದ್ರವವನ್ನು ಪರೀಕ್ಷಿಸಿ, ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಪ್ರಕಟಿಸಿದ. ನಾವು ಪ್ರಯೋಗಶಾಲೆಯಲ್ಲಿ ಗಾಜಿನ ಸೀಸೆಯಲ್ಲಿಟ್ಟು, ಮುಟ್ಟಬೇಡಿರೆಂದು ನಿಮಗೆ ಎಚ್ಚರಿಕೆ ಕೊಡುತ್ತಿದ್ದ ಆಮ್ಲವೇ ಅದು!

ಅದೇ ಕಾಲದಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ನಡೆಯಿತು. 1822ರ ಜೂನ್‌ನಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದ, ಆದರೆ ಹೊಟ್ಟೆಯ ಮೇಲಿನ ರಂಧ್ರ ಮುಚ್ಚಲಿಲ್ಲ. ಬೋಮಾಂಟ್ ಆಹಾರದ ತುಣುಕುಗಳನ್ನು ದಾರಕ್ಕೆ ಕಟ್ಟಿ ಆ ರಂಧ್ರದಿಂದ ಜಠರಕ್ಕಿಳಿಸಿ, ಗಂಟೆಗೊಮ್ಮೆ ಎಳೆದು ನೋಡಿ, ಜೀರ್ಣಕ್ರಿಯೆಯನ್ನು ಕಣ್ಣಾರೆ ಕಂಡ. 1833ರಲ್ಲಿ ಅವನ ಪುಸ್ತಕ ಹೊರಬಂತು. ಬಡ ಕೂಲಿಯಾಳಾಗಿದ್ದ ಸೇಂಟ್ ಮಾರ್ಟಿನ್ ಅನುಭವಿಸಿದ ಹಿಂಸೆಯನ್ನು ನೆನೆದರೆ ಮನಸ್ಸು ಹಿಂಡುತ್ತದೆ. ಜಠರದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಅವನ ಋಣ ದೊಡ್ಡದು.

ಜಠರ ತನ್ನ ಆಮ್ಲವನ್ನು ತಾನು ತಾಳಿಕೊಳ್ಳುತ್ತದೆ. ಅದರ ಒಳಗೋಡೆಗೆ ಲೋಳೆಯ ಕವಚವಿದೆ. ಅನ್ನನಾಳಕ್ಕೆ ಅಂತಹ ರಕ್ಷಣೆಯಿಲ್ಲ. ಅದಕ್ಕಾಗಿ ಎರಡೂ ಕೂಡುವ ಕಡೆ ಪ್ರಕೃತಿ ಎರಡು ಬಿಗಿಗಳನ್ನು ಇಟ್ಟಿದೆ. ಒಂದು, ಅನ್ನನಾಳದ ತುದಿಯ ಸ್ನಾಯುವಿನ ಉಂಗುರ. ಇನ್ನೊಂದು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ. ಅನ್ನನಾಳವು ವಪೆಯಲ್ಲಿರುವ ಒಂದು ಕಂಡಿಯ ಮೂಲಕ ಹೊಟ್ಟೆಗಿಳಿಯುತ್ತದೆ. ಆ ಕಂಡಿಯ ಅಂಚೂ ಅದನ್ನು ಹಿಸುಕಿ ಹಿಡಿದಿರುತ್ತದೆ. ಎರಡು ಬಿಗಿಗಳೂ ಒಂದೇ ಮಟ್ಟದಲ್ಲಿದ್ದರೆ ಬಾಗಿಲು ಭದ್ರ. ವಯಸ್ಸಿನಿಂದಲೋ, ಬೊಜ್ಜಿನಿಂದಲೋ, ಬಸಿರಿನ ಒತ್ತಡದಿಂದಲೋ ಕಂಡಿ ಸಡಿಲವಾದಾಗ ಜಠರದ ಮೇಲ್ತುದಿ ಅದರ ಮೂಲಕ ಎದೆಯೊಳಕ್ಕೆ ಜಾರುತ್ತದೆ. ಇದೇ ಹಯಾಟಸ್ ಹರ್ನಿಯಾ. ಆಗ ಎರಡು ಬಿಗಿಗಳು ಬೇರೆಬೇರೆಯಾಗಿ, ಆಮ್ಲ ಮೇಲೇರುವುದು ಸುಲಭವಾಗುತ್ತದೆ.

ಮೊದಲಿಗೆ ಇದು ಶವಪರೀಕ್ಷೆಯಲ್ಲಿ ಮಾತ್ರ ಕಾಣುವ ಸಂಗತಿಯಾಗಿತ್ತು. 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ, ಸುಣ್ಣದ ತಿಳಿಯಂತಹ ಬೇರಿಯಂ ದ್ರವವನ್ನು ಕುಡಿಸಿ ಚಿತ್ರ ತೆಗೆಯುವ ಪದ್ಧತಿ ಬೆಳೆದು, ಬದುಕಿರುವವರಲ್ಲೂ ಹರ್ನಿಯಾ ಕಾಣತೊಡಗಿತು. 1926ರಲ್ಲಿ ಸ್ವೀಡನ್ನಿನ ಓಕೆ ಓಕರ್ಲುಂಡ್ ಇದರ ಬಗೆಗಳನ್ನು ವಿಂಗಡಿಸಿದ. 1935ರಲ್ಲಿ ನ್ಯೂಯಾರ್ಕಿನ ಆಶರ್ ವಿಂಕಲ್‌ಸ್ಟೈನ್ ಅನ್ನನಾಳದ ಹುಣ್ಣಿಗೆ ಜಠರದ ರಸವೇ ಕಾರಣವಿರಬಹುದೆಂದು ಬರೆದ. 1951ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಫಿಲಿಪ್ ಆಲಿಸನ್ ಜಾರುವ ಹರ್ನಿಯಾಕ್ಕೂ ಆಮ್ಲದ ಏರಿಕೆಗೂ ಗಂಟುಹಾಕಿದ. ಅದಾದ ಮೇಲೆ ಕೆಲವು ಕಾಲ ವೈದ್ಯರು ಹರ್ನಿಯಾ ಎಂದರೆ ಎದೆಯುರಿ, ಎದೆಯುರಿ ಎಂದರೆ ಹರ್ನಿಯಾ ಎಂದೇ ಭಾವಿಸಿದ್ದರು. ವಾಸ್ತವದಲ್ಲಿ ಹರ್ನಿಯಾ ಇದ್ದವರೆಲ್ಲರಿಗೂ ಆಮ್ಲ ಏರುವುದಿಲ್ಲ. ಆಮ್ಲ ಏರುವವರೆಲ್ಲರಿಗೂ ಹರ್ನಿಯಾ ಇರುವುದಿಲ್ಲ. ಆದ್ದರಿಂದಲೇ ಎರಡು ಪರೀಕ್ಷೆಗಳು ಬೇಕಾದವು: ಒಂದು ಕಣ್ಣಿನ ಕೆಲಸ ಮಾಡುವುದು, ಇನ್ನೊಂದು ನಾಲಿಗೆಯ ಕೆಲಸ ಮಾಡುವುದು.

ಕಣ್ಣಿನ ಕಥೆ ಮೊದಲು. 1806ರ ವೇಳೆಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫಿಲಿಪ್ ಬೊಜಿನಿ ಎಂಬ ತರುಣ ವೈದ್ಯ ಮೇಣದ ಬತ್ತಿ, ಕನ್ನಡಿ, ಕೊಳವೆಗಳನ್ನು ಜೋಡಿಸಿ ದೇಹದೊಳಗೆ ಇಣುಕುವ ಉಪಕರಣವೊಂದನ್ನು ಮಾಡಿದ. ಜಠರದವರೆಗೆ ಹೋಗಲು ಅದಕ್ಕೆ ಸಾಧ್ಯವಿರಲಿಲ್ಲ. ಆ ಧೈರ್ಯ ಮಾಡಿದವನು ಫ್ರೈಬರ್ಗ್‌ನ ಅಡಾಲ್ಫ್ ಕುಸ್ಮೌಲ್, 1868ರಲ್ಲಿ. ಅವನಿಗೆ ನೆರವಾದವನು ವೈದ್ಯನಲ್ಲ, ಕತ್ತಿ ನುಂಗುವ ಒಬ್ಬ ಪ್ರದರ್ಶನಕಾರ! ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಬಾಯಿ, ಗಂಟಲು, ಅನ್ನನಾಳಗಳು ಒಂದೇ ಸಾಲಿಗೆ ಬರುತ್ತವೆಂಬುದನ್ನು ಆತನಿಂದ ತಿಳಿದ ಕುಸ್ಮೌಲ್, 47 ಸೆಂಟಿಮೀಟರ್ ಉದ್ದದ ನೇರ ಕೊಳವೆಯನ್ನು ಅವನ ಜಠರಕ್ಕಿಳಿಸಿದ. ಕೊಳವೆ ಇಳಿಯಿತು, ಬೆಳಕು ಸಾಲಲಿಲ್ಲ. ನಮ್ಮ ಜಾತ್ರೆಗಳಲ್ಲಿ ಕಸರತ್ತು ಮಾಡುವವರಿಗೆ ನಾವು ನಾಲ್ಕಾಣೆ ಎಸೆದು ಮರೆತುಬಿಡುತ್ತಿದ್ದೆವು. ವೈದ್ಯಶಾಸ್ತ್ರದ ಒಂದು ಬಾಗಿಲನ್ನು ತೆರೆದವನು ಅಂತಹ ಒಬ್ಬ ಎಂಬುದನ್ನು ನಾನು ಮರೆಯಲಾರೆ.

1932ರಲ್ಲಿ ರುಡಾಲ್ಫ್ ಶಿಂಡ್ಲರ್ ಎಂಬ ಜರ್ಮನ್ ವೈದ್ಯ ಸ್ವಲ್ಪ ಬಾಗುವ ಕೊಳವೆಯನ್ನು ಸಿದ್ಧಪಡಿಸಿದ. ಅದರೊಳಗೆ ಹಲವಾರು ಪುಟ್ಟ ಮಸೂರಗಳಿದ್ದವು. ನಾಜಿಗಳ ಕಾಟದಿಂದ 1934ರಲ್ಲಿ ಅವನು ಷಿಕಾಗೋ ಸೇರಿಕೊಂಡಾಗ ವಿದ್ಯೆಯೂ ಅವನೊಡನೆ ಕಡಲು ದಾಟಿತು. ಆದರೂ ಬಳ್ಳಿಯಂತೆ ಬಳುಕುವ ಕೊಳವೆಯೊಳಗೆ ಬೆಳಕು ಬಳುಕಿಕೊಂಡು ಹೋಗುವುದು ಹೇಗೆ? ಬೆಳಕು ನೇರವಾಗಿ ಚಲಿಸುತ್ತದೆಂದು ನಾನೇ ನಿಮಗೆ ಕಲಿಸಿದ್ದೇನಲ್ಲವೇ? ಇದಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬರು ನಮ್ಮ ದೇಶದವರು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ಕೆಲಸ ಮಾಡಿ, ಕೂದಲೆಳೆಯಂತಹ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಗಾಜಿನ ಅಂಚಿಗೆ ಓರೆಯಾಗಿ ಬಿದ್ದ ಬೆಳಕು ಹೊರಗೆ ಹೋಗದೆ ಒಳಗೇ ಪ್ರತಿಫಲಿಸುತ್ತ ಮುಂದೆ ಸಾಗುತ್ತದೆ; ಹತ್ತನೆಯ ತರಗತಿಯವರಿಗೆ ನಾನು ಹೇಳುತ್ತಿದ್ದ ಪೂರ್ಣ ಆಂತರಿಕ ಪ್ರತಿಫಲನ ಅದೇ.

ಆ ಲೇಖನವನ್ನು ಓದಿದ ಬೇಸಿಲ್ ಹಿರ್ಷೋವಿಟ್ಜ್ ಎಂಬ ವೈದ್ಯ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಕರ್ಟಿಸ್ ಎಂಬ ವಿದ್ಯಾರ್ಥಿಯ ಜೊತೆಗೂಡಿ ಉಪಕರಣ ಮಾಡಹೊರಟ. ಒಂದು ತಂತುವಿನ ಬೆಳಕು ಪಕ್ಕದ ತಂತುವಿಗೆ ಸೋರುತ್ತಿದ್ದುದು ದೊಡ್ಡ ತೊಡಕಾಗಿತ್ತು. ಕರ್ಟಿಸ್ 1956ರ ಡಿಸೆಂಬರ್‌ನಲ್ಲಿ ಗಾಜಿನ ತಂತುವಿಗೆ ಬೇರೊಂದು ಬಗೆಯ ಗಾಜಿನ ಹೊದಿಕೆ ಕೊಟ್ಟು ಆ ತೊಡಕನ್ನು ನಿವಾರಿಸಿದ. 1957ರ ಫೆಬ್ರವರಿಯಲ್ಲಿ ಹಿರ್ಷೋವಿಟ್ಜ್ ಆ ಕೊಳವೆಯನ್ನು ಮೊದಲು ತಾನೇ ನುಂಗಿ ಪರೀಕ್ಷಿಸಿದ, ಆಮೇಲೆ ರೋಗಿಗೆ ಬಳಸಿದ. 1983ರಲ್ಲಿ ತಂತುವಿನ ಬದಲು ಕೊಳವೆಯ ತುದಿಗೇ ಪುಟ್ಟ ಕ್ಯಾಮರಾ ಬಂದಿತು, ಚಿತ್ರ ಟೆಲಿವಿಷನ್ ಪರದೆಯ ಮೇಲೆ ಮೂಡಿತು. 2009ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬೆಳಕಿನ ತಂತುವಿನ ಕೆಲಸಕ್ಕಾಗಿ ಚಾರ್ಲ್ಸ್ ಕಾವ್ ಅವರಿಗೂ, ಕ್ಯಾಮರಾದ ಸಿಸಿಡಿ ಚಿಪ್ಪಿಗಾಗಿ ಬಾಯ್ಲ್ ಮತ್ತು ಸ್ಮಿತ್ ಅವರಿಗೂ ಹಂಚಿಕೆಯಾಯಿತು. ಕಪಾನಿಯವರ ಹೆಸರು ಅದರಲ್ಲಿರಲಿಲ್ಲ. ಅವರು 2020ರಲ್ಲಿ ತೀರಿಕೊಂಡರು; ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಈಗ ನನ್ನ ಸರದಿ. ಬೆಂಗಳೂರಿನ ಆಸ್ಪತ್ರೆಯೊಂದರ ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್ ಆಗಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ ಎಂಬುದು ಅವಳು ಮಾತಾಡಿಸಿದ ಮೇಲೆ ತಿಳಿಯಿತು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಬಿರಡೆಯಂತಹ ಉಂಗುರವಿಟ್ಟು, "ಹೆದರಬೇಡಿ ಸಾರ್, ನಿಧಾನವಾಗಿ ಉಸಿರು ಎಳ್ಕಳಿ, ಈಗ ನುಂಗಿ" ಎಂದಳು. ಮೂರು ವರ್ಷ ಅವಳಿಗೆ ಬಾಯಿ ಮುಚ್ಚಿ ಕುಳಿತುಕೋ ಎಂದು ಹೇಳಿದ್ದ ನಾನು ಅವಳೆದುರು ಬಾಯಿ ತೆರೆದು ಮಲಗಿದ್ದೆ. ಐದಾರು ನಿಮಿಷ ಉಬ್ಬಳಿಕೆ ಬಂದದ್ದು ನಿಜ, ನೋವಾಗಲಿಲ್ಲ.

ಪರದೆಯಲ್ಲಿ ಕಂಡದ್ದನ್ನು ವೈದ್ಯರು ಆಮೇಲೆ ಚಿತ್ರ ತೋರಿಸಿ ವಿವರಿಸಿದರು. ಅನ್ನನಾಳದ ಒಳಪದರ ಮಾಸಲು ಗುಲಾಬಿ, ಜಠರದ್ದು ಕೆಂಪು. ಎರಡೂ ಸೇರುವ ಅಂಕುಡೊಂಕಿನ ಗೆರೆ, ವಪೆಯ ಹಿಸುಕಿನ ಮಟ್ಟದಲ್ಲೇ ಇರಬೇಕು. ನನ್ನಲ್ಲಿ ಆ ಗೆರೆ ಹಲ್ಲಿನಿಂದ 36 ಸೆಂಟಿಮೀಟರಿಗೂ ವಪೆಯ ಹಿಸುಕು 39 ಸೆಂಟಿಮೀಟರಿಗೂ ಇದ್ದವು. ನಡುವಿನ 3 ಸೆಂಟಿಮೀಟರ್ ಎದೆಗೆ ಜಾರಿದ ಜಠರದ ಭಾಗ. ಹರ್ನಿಯಾ ಉಂಟು, ಆದರೆ ಹುಣ್ಣಿಲ್ಲ. ಹುಣ್ಣುಗಳಿದ್ದಿದ್ದರೆ ಲಾಸ್ ಏಂಜಲೀಸ್ ವರ್ಗೀಕರಣದಂತೆ ಎ ಇಂದ ಡಿ ವರೆಗೆ ಶ್ರೇಣಿ ಕೊಡುತ್ತಾರಂತೆ. ತೀವ್ರ ಶ್ರೇಣಿಯಾಗಿದ್ದರೆ ಬೇರೆ ಸಾಕ್ಷ್ಯ ಬೇಡ. ಎದೆಯುರಿಯಿರುವ ಬಹಳಷ್ಟು ಜನರಲ್ಲಿ ಎಂಡೋಸ್ಕೋಪಿಗೆ ಹುಣ್ಣು ಕಾಣುವುದೇ ಇಲ್ಲವಂತೆ. "ನಿಮ್ಮ ಕೆಮ್ಮಿಗೆ ಇದೇ ಕಾರಣವೆಂದು ಇಷ್ಟರಿಂದ ಹೇಳಲಾರೆ. ಕೆಮ್ಮಿಗೆ ನೂರು ಕಾರಣ. ಅಳೆದು ನೋಡಬೇಕು" ಎಂದರು ವೈದ್ಯರು. ಅವರ ಆ ಮಾತು ನನಗೆ ಹಿಡಿಸಿತು. ಅಳೆಯದೆ ಹೇಳಬಾರದೆಂದು ನಾನೂ ಮೂವತ್ತು ವರ್ಷ ಹೇಳಿದವನೇ.

ಅಳತೆಯ ಕಥೆ ಶುರುವಾಗುವುದು ಒಂದು ಬಿಯರ್ ಕಾರ್ಖಾನೆಯಿಂದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಸೋರೆನ್ ಸೋರೆನ್‌ಸನ್ 1909ರಲ್ಲಿ ಪಿಎಚ್ ಮಾಪಕವನ್ನು ರೂಪಿಸಿದ. 7 ತಟಸ್ಥ, ಕೆಳಗಿಳಿದಂತೆ ಹುಳಿ. ಒಂದೊಂದು ಅಂಕ ಇಳಿದರೂ ಆಮ್ಲೀಯತೆ ಹತ್ತು ಪಟ್ಟು. 7ರಿಂದ 4ಕ್ಕಿಳಿದರೆ ಸಾವಿರ ಪಟ್ಟು. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ನಿಂಬೆರಸದ ಹುಳಿಯನ್ನು ಅಳೆಯಲೆಂದು ಪಿಎಚ್ ಮೀಟರ್ ತಯಾರಿಸಿದ. ಅಂತಹ ಮೀಟರಿನ ತುದಿಯನ್ನು ತಂತಿಯಷ್ಟು ತೆಳುವಾಗಿಸಿ ಅನ್ನನಾಳದಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಲೆಕ್ಕ ಹಾಕುವ ಕ್ರಮವನ್ನು 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ಎಂಬ ವೈದ್ಯರು ಪ್ರಕಟಿಸಿದರು. ಪಿಎಚ್ 4ಕ್ಕಿಂತ ಕೆಳಗಿಳಿದ ಒಟ್ಟು ಸಮಯ, ನಿಂತಾಗ ಎಷ್ಟು, ಮಲಗಿದಾಗ ಎಷ್ಟು, ಎಷ್ಟು ಬಾರಿ, ಐದು ನಿಮಿಷ ಮೀರಿದ್ದು ಎಷ್ಟು ಬಾರಿ, ಅತಿ ದೀರ್ಘವಾದದ್ದು ಎಷ್ಟು ಹೊತ್ತು ಎಂಬ ಆರು ಲೆಕ್ಕಗಳನ್ನು ಕೂಡಿಸಿ ಅವರು ಅಂಕ ಕೊಟ್ಟರು. 14.72 ದಾಟಿದರೆ ಸಹಜವಲ್ಲ. ಈಗ ತಂತಿಯಿಲ್ಲದೆ ಅನ್ನನಾಳಕ್ಕೆ ಅಂಟಿಸುವ ಗುಳಿಗೆಯೂ ಇದೆ. ನನಗೆ ಹಾಕಿದ್ದು ತಂತಿಯೇ.

ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಿದರು. ಆ ವಾರದ ಏಳು ರಾತ್ರಿ ನಾನು ಅವ್ವನಂತೆಯೇ ಗೋಡೆಗೊರಗಿ ಕುಳಿತು ಕಳೆದೆ. ಮೂಗಿನಿಂದ ಇಳಿಸಿದ ತಂತಿಯ ಸಂವೇದಕ, ಅನ್ನನಾಳದ ಉಂಗುರದ ಮೇಲಂಚಿನಿಂದ 5 ಸೆಂಟಿಮೀಟರ್ ಮೇಲೆ ನಿಲ್ಲಬೇಕು. ಕೆನ್ನೆಗೆ ಅಂಟುಪಟ್ಟಿ ಹಾಕಿ, ಸೊಂಟಕ್ಕೆ ಸಣ್ಣ ಪೆಟ್ಟಿಗೆ ಕಟ್ಟಿ, "ಎಂದಿನಂತೆ ಉಣ್ಣಿ, ಎಂದಿನಂತೆ ಮಲಗಿ. ಕೆಮ್ಮು ಬಂದಾಗ ಗುಂಡಿ ಒತ್ತಿ. ಊಟದ, ಮಲಗಿದ, ಎದ್ದ ಹೊತ್ತುಗಳನ್ನು ಬರೆದಿಡಿ" ಎಂದು ಕಳಿಸಿದರು. ಮೂಗಿನಲ್ಲಿ ತಂತಿಯೊಡನೆ ರೈಲು ಹತ್ತಿ ಹನಕೆರೆ ನಿಲ್ದಾಣದಲ್ಲಿ ಇಳಿದೆ. ಎದುರು ಕುಳಿತಿದ್ದ ಮಗುವೊಂದು ಮದ್ದೂರಿನವರೆಗೂ ಕಣ್ಣು ಮಿಟುಕಿಸದೆ ನನ್ನ ಮೂಗನ್ನೇ ನೋಡಿತು. ರಾತ್ರಿ ಮುದ್ದೆ, ಉಪ್ಸಾರು ಉಂಡೆ. ದಿನಚರಿಯನ್ನು ಹಾಜರಿ ಪುಸ್ತಕದಷ್ಟೇ ಶಿಸ್ತಾಗಿ ಬರೆದೆ. ಆ ಒಂದು ರಾತ್ರಿ ಮಾತ್ರ ಹಟಮಾಡಿ ನೇರವಾಗಿ ಮಲಗಿದೆ.

ಮರುದಿನ ಪೆಟ್ಟಿಗೆಯ ಲೆಕ್ಕವನ್ನು ಕಂಪ್ಯೂಟರ್ ತೆಗೆಯಿತು. ದಿನಕ್ಕೆ 1440 ನಿಮಿಷ. ಅದರಲ್ಲಿ 131 ನಿಮಿಷ, ಅಂದರೆ ಶೇಕಡ 9ಕ್ಕೂ ಹೆಚ್ಚು ಹೊತ್ತು, ನನ್ನ ಅನ್ನನಾಳ ಆಮ್ಲದಲ್ಲಿ ನೆನೆದಿತ್ತು. 2018ರಲ್ಲಿ ಪ್ರಕಟವಾದ ಲಿಯೋನ್ ಒಮ್ಮತದ ಪ್ರಕಾರ ಶೇಕಡ 4ಕ್ಕಿಂತ ಕಡಿಮೆಯಾದರೆ ಸಹಜ, 6 ದಾಟಿದರೆ ನಿಶ್ಚಿತ ದೋಷ. ನಾನು ಒತ್ತಿದ ಗುಂಡಿಗಳ ಪೈಕಿ ಹೆಚ್ಚಿನವು ಆಮ್ಲವೇರಿದ ಎರಡು ನಿಮಿಷದೊಳಗಿನವು. ಗ್ರಾಫಿನಲ್ಲಿ ಹಗಲಿನ ಗೆರೆ ಅಲ್ಲಲ್ಲಿ ಕುಸಿದಿತ್ತು. ರಾತ್ರಿ ನಾನು ಮಲಗಿದ ಗಳಿಗೆಯಿಂದ ಬಾವಿಗೆ ಬಿದ್ದಂತೆ ಇಳಿದು ಬಹಳ ಹೊತ್ತು ಮೇಲೇಳಲೇ ಇಲ್ಲ. ಆ ಗೆರೆಯನ್ನು ನೋಡುತ್ತ ನನಗೆ ಕಣ್ಣೀರು ಬಂತು. ವೈದ್ಯರು ನಾನು ಹೆದರಿದೆನೆಂದು ತಿಳಿದು ಧೈರ್ಯ ಹೇಳಿದರು. ನನಗೆ ಕಂಡದ್ದು ತೊಟ್ಟಿಮನೆಯ ಕಂಬ. "ಮನಿಕಂಡ್ರೆ ಎದೆ ಉರೀತದೆ" ಎಂದು ಅವ್ವ ಹೇಳಿದ್ದನ್ನು ಆ ಯಂತ್ರ ನಿಮಿಷ ನಿಮಿಷಕ್ಕೆ ಬರೆದಿಟ್ಟಿತ್ತು.

ಅವ್ವನಿಗೂ ಹರ್ನಿಯಾವೇ ಇತ್ತೆಂದು ನಾನು ಹೇಳಲಾರೆ, ಅಳೆಯದೆ ಹೇಳಬಾರದು. ಎಂಟು ಹೆತ್ತವಳು, ಬಗ್ಗಿ ನಾಟಿ ಹಾಕಿದವಳು, ಹೊತ್ತು ಮೀರಿ ಉಂಡವಳು ಎಂಬುದಷ್ಟೇ ನನಗೆ ಗೊತ್ತು. ಅವಳು ಕಂಬಕ್ಕೊರಗಿದ್ದು ಮಾತ್ರ ಶಾಸ್ತ್ರಕ್ಕೆ ಒಪ್ಪುವ ಚಿಕಿತ್ಸೆ. ನೀರು ತಗ್ಗಿಗೇ ಹರಿಯುತ್ತದೆ. ಎದೆ ಮೇಲಿದ್ದರೆ ಆಮ್ಲ ಕೆಳಗೇ ಉಳಿಯುತ್ತದೆ. ನನಗೆ ವೈದ್ಯರು ಹೇಳಿದ್ದೂ ಅದೇ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಡುವುದು, ಮಲಗುವ ಮೂರು ಗಂಟೆ ಮೊದಲೇ ಉಣ್ಣುವುದು, ಮೈತೂಕ ಇಳಿಸುವುದು, ಮಾತ್ರೆಯನ್ನು ಊಟಕ್ಕೆ ಮೊದಲು ನುಂಗುವುದು. ಕಂಡಿಯನ್ನು ಬಿಗಿಮಾಡುವ ಶಸ್ತ್ರಚಿಕಿತ್ಸೆಯೂ ಇದೆ. ನನಗೆ ಅದರ ಅಗತ್ಯ ಬೀಳಲಿಲ್ಲ. ನಾಲ್ಕಾರು ತಿಂಗಳಲ್ಲಿ ಕೆಮ್ಮು ಇಳಿಯಿತು. ಧ್ವನಿ ಮೊದಲಿನಂತಾಗಲಿಲ್ಲ, ಆದರೆ ಅರ್ಧ ಗಂಟೆ ಓದುವಷ್ಟಾಯಿತು. ಉದ್ಯೋಗಪರ್ವವನ್ನು ನಿಲ್ಲಿಸಿದ ಕಡೆಯಿಂದಲೇ ಮತ್ತೆ ಶುರುಮಾಡಿದೆ.

ಕೊನೆಯದಾಗಿ, ಹಳೆಯ ಅಭ್ಯಾಸದಂತೆ ಎರಡು ಮಾತು. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ, ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರಬೇಡಿ. ಮೊದಲು ಇಸಿಜಿ ತೆಗೆಸಿ. ಹಾಗೆಯೇ ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ, ಎಂಡೋಸ್ಕೋಪಿಗೆ ಹೆದರಿ ದಿನ ದೂಡಬೇಡಿ. ಇನ್ನೊಂದು ಮಾತು ಮನೆಗೆ ಸಂಬಂಧಿಸಿದ್ದು. ನಿಮ್ಮ ಮನೆಯಲ್ಲೂ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳು ಎದ್ದು ಕುಳಿತಿರಬಹುದು. ಏಕೆಂದು ಒಮ್ಮೆ ಕೇಳಿ, ಅವಳು ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಂಡು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ನಾನು ಕೇಳಿದ್ದೆ, ಬರೆದುಕೊಳ್ಳಲಿಲ್ಲ, ಕರೆದುಕೊಂಡೂ ಹೋಗಲಿಲ್ಲ.